ಎರಡು ರೈಲುಗಳ ನಡುವೆ ಓಲ್ಡ್ ರಾಜಿಂದರ್ ನಗರ

ಪಣಂಬೂರಿನ ನವಮಂಗಳೂರು ಬಂದರಿಗೆ ಚಳಿಗಾಲದಲ್ಲಿ ವಿದೇಶಿ ಪ್ರವಾಸಿ ಹಡಗುಗಳು ಬರುತ್ತವೆ. ಬೆಳಗ್ಗೆ ಇಳಿದವರು ಅಗಲ ಅಂಚಿನ ಟೋಪಿ ಹಾಕಿಕೊಂಡು ಕದ್ರಿ ದೇವಸ್ಥಾನ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಒಂದು ಗೇರುಬೀಜದ ಕಾರ್ಖಾನೆ, ಮಾರುಕಟ್ಟೆ ಎಲ್ಲ ಸುತ್ತಿ, ಸಂಜೆಯ ಹೊತ್ತಿಗೆ ಬೆವರು ಒರೆಸಿಕೊಳ್ಳುತ್ತ ಮತ್ತೆ ಹಡಗು ಹತ್ತುತ್ತಾರೆ. ದೆಹಲಿಗೆ ಬಂದರೂ ಇಲ್ಲ, ಹಡಗೂ ಇಲ್ಲ. ಆದರೆ ಕರ್ನಾಟಕದಿಂದ ಹರಿದ್ವಾರಕ್ಕೋ ಅಮೃತಸರಕ್ಕೋ ಶಿಮ್ಲಾ ಕಡೆಗೋ ಹೊರಟವರಿಗೆ ಅಂಥದೇ ಒಂದು ಹಗಲು ಇಲ್ಲಿ ಸಿಗುತ್ತದೆ. ಬೆಳಗ್ಗೆ ಒಂದು ರೈಲು ಇಳಿಸುತ್ತದೆ, ರಾತ್ರಿ ಇನ್ನೊಂದು ಹತ್ತಿಸಿಕೊಳ್ಳುತ್ತದೆ. ನಡುವಿನ ಹೊತ್ತಿಗೆ ಕೆಂಪುಕೋಟೆ, ಕುತುಬ್ ಮಿನಾರ್, ಇಂಡಿಯಾ ಗೇಟ್ ಎಂದು ಆಟೋದವರು ಬಾಯಿಪಾಠ ಒಪ್ಪಿಸುತ್ತಾರೆ.

ಜೂನ್ ತಿಂಗಳ ಅಂಥ ಒಂದು ಹಗಲನ್ನು ನಾನು ಓಲ್ಡ್ ರಾಜಿಂದರ್ ನಗರಕ್ಕೆ ಕೊಟ್ಟೆ. ಅಲ್ಲಿ ಕೋಟೆಯಿಲ್ಲ, ಗೋರಿಯಿಲ್ಲ, ಟಿಕೆಟ್ ಕೌಂಟರ್ ಇಲ್ಲ. ಆದರೆ ಆ ಹೆಸರು ಗೊತ್ತಿರುವ ಒಂದಾದರೂ ಮನೆ ನಮ್ಮ ಪ್ರತಿ ತಾಲ್ಲೂಕಿನಲ್ಲಿದೆ. ‘ಮಗ ಡೆಲ್ಲಿಯಾಗ ಐಎಎಸ್‌ಗೆ ಓದಾಕತ್ತಾನ’ ಎಂದು ಬಸ್ಸಿನಲ್ಲಿ ಪಕ್ಕದವರಿಗೆ ಹೇಳುವ ಅಪ್ಪನ ‘ಡೆಲ್ಲಿ’ ಎಂದರೆ ಹೆಚ್ಚಿನ ಸಲ ಈ ನಾಲ್ಕಾರು ರಸ್ತೆಗಳೇ. ಹಿಂದಿ ಮಾಧ್ಯಮದವರು ಉತ್ತರ ದೆಹಲಿಯ ಮುಖರ್ಜಿ ನಗರಕ್ಕೆ ಹೋಗುತ್ತಾರೆ. ಇಂಗ್ಲಿಷಿನಲ್ಲಿ ಓದುವವರು, ಹಾಗಾಗಿ ದಕ್ಷಿಣದ ರಾಜ್ಯಗಳವರು, ಇಲ್ಲಿಗೆ ಬರುತ್ತಾರೆ. ಓದುವ ಹುಡುಗರ ಬಾಯಲ್ಲಿ ಇದು ಬರೀ ‘ಓಆರ್‌ಎನ್’.

ಸಾಮಾನನ್ನು ನವದೆಹಲಿ ನಿಲ್ದಾಣದ ಕ್ಲೋಕ್ ರೂಮಿನಲ್ಲಿಟ್ಟು ಮೆಟ್ರೊ ಹಿಡಿದರೆ ರಾಜೀವ್ ಚೌಕದಲ್ಲಿ ನೀಲಿ ಮಾರ್ಗಕ್ಕೆ ಬದಲಾಯಿಸಬೇಕು. ರಾಮಕೃಷ್ಣ ಆಶ್ರಮ ಮಾರ್ಗದವರೆಗೆ ನೆಲದೊಳಗೆ ಓಡುವ ಗಾಡಿ ಆಮೇಲೆ ಒಮ್ಮೆಲೆ ಬೆಳಕಿಗೆ ಬಂದು ಮೇಲೇರುತ್ತದೆ. ಝಂಡೇವಾಲಾನ್ ದಾಟುವಾಗ ಕಿಟಕಿಯ ಮಟ್ಟಕ್ಕೆ 108 ಅಡಿಯ ಹನುಮಂತ. ಬಹಳ ಜನ ಮೊಬೈಲಿನಿಂದ ತಲೆ ಎತ್ತುವುದೂ ಇಲ್ಲ. ನಿತ್ಯದವರು ಕೂತಲ್ಲಿಂದಲೇ ಎದೆ ಮುಟ್ಟಿಕೊಂಡು ಕೈ ಕೆಳಗಿಳಿಸುತ್ತಾರೆ. ಮುಂದಿನ ನಿಲ್ದಾಣ ಕರೋಲ್ ಬಾಗ್. ಎಸಿ ಬೋಗಿಯಿಂದ ಇಳಿದು, ಮೆಟ್ಟಿಲ ಮೂಲಕ ಪೂಸಾ ರಸ್ತೆಗೆ ಬಂದಾಗ ಬಿಸಿಲು ನೆತ್ತಿಗೆ ಬಡಿಯುವುದಕ್ಕಿಂತ ಮೊದಲು ಗಾಳಿ ಮುಖಕ್ಕೆ ಬಡಿಯಿತು. ಇದೇ ಲೂ. ರಾಜಸ್ಥಾನದ ಕಡೆಯಿಂದ ಬೀಸುವ ಒಣ ಗಾಳಿ, ಬೆವರು ಚರ್ಮದ ಮೇಲೆ ಕಾಣುವ ಮೊದಲೇ ಹೀರಿಬಿಡುತ್ತದೆ. ಕರಾವಳಿಯವರಿಗೆ ಇದು ಮೋಸದ ಸೆಕೆ, ಅಂಗಿ ಒದ್ದೆಯಾಗದ್ದರಿಂದ ಸುಸ್ತಾದದ್ದು ತಿಳಿಯುವುದಿಲ್ಲ. 2024ರ ಮೇ 29ರಂದು ದೆಹಲಿಯ ಸಫ್ದರ್‌ಜಂಗ್ ವೇಧಶಾಲೆಯಲ್ಲಿ 46.8 ಡಿಗ್ರಿ ದಾಖಲಾಯಿತು, ಅಲ್ಲಿ 79 ವರ್ಷಗಳಲ್ಲೇ ಹೆಚ್ಚಿನದು. ನಾನು ಹೋದ ದಿನ ಅಷ್ಟಿರಲಿಲ್ಲ. ಇದ್ದದ್ದು ಕಡಿಮೆಯೂ ಅಲ್ಲ.

ನಿಲ್ದಾಣದ ಬುಡದಲ್ಲೇ ಊರಿನ ವ್ಯಾಪಾರ ಶುರು. ಬೆನ್ನಿಗೆ ಚೀಲ, ಕೈಯಲ್ಲಿ ಟ್ರಂಕು ಕಂಡರೆ ಸಾಕು, ‘ರೂಮ್ ಚಾಹಿಯೆ, ಭಯ್ಯಾ? ಪಿ.ಜಿ.? ಲೈಬ್ರರಿ?’ ಎನ್ನುತ್ತ ಮೂವರು ಸುತ್ತಿಕೊಳ್ಳುತ್ತಾರೆ. ನನ್ನ ನರೆಗೂದಲು ನೋಡಿ ಒಬ್ಬ ಪ್ರಶ್ನೆ ಬದಲಿಸಿದ: ‘ಬಚ್ಚೇ ಕೇ ಲಿಯೇ?’ ಮಕ್ಕಳಿಗಾಗಿ ಬಂದಿರಬಹುದು ಎಂಬ ಆ ಊಹೆ ಇಡೀ ದಿನ ನನಗೆ ಉಪಯೋಗಕ್ಕೆ ಬಂತು. ಹೌದೆಂದು ತಲೆಯಾಡಿಸಿದರೆ ಎಲ್ಲ ಬಾಗಿಲೂ ತೆರೆಯುತ್ತವೆ.

ಪೂಸಾ ರಸ್ತೆ ದಾಟಿ ದಕ್ಷಿಣಕ್ಕೆ ತಿರುಗಿದರೆ ಕಾಲೊನಿ. (ಪೂಸಾ ಎಂಬುದು ಬಿಹಾರದ ಊರಿನ ಹೆಸರು. 1934ರ ಭೂಕಂಪದಲ್ಲಿ ಅಲ್ಲಿನ ಕೃಷಿ ಸಂಶೋಧನಾ ಸಂಸ್ಥೆ ಕುಸಿದು, 1936ರಲ್ಲಿ ದೆಹಲಿಗೆ ಬರುವಾಗ ಹೆಸರನ್ನೂ ಹೊತ್ತು ತಂದಿತು. ಇಲ್ಲಿ ಹೆಸರುಗಳೂ ವಲಸೆ ಬಂದವೇ.) ಮುಖ್ಯ ಬೀದಿ ಬಡಾ ಬಜಾರ್ ಮಾರ್ಗ. ಹೆಸರು ದೊಡ್ಡ ಬಜಾರು, ಅಗಲದಲ್ಲಿ ಎರಡು ಕಾರು ಎದುರಾದರೆ ಒಂದು ಹಿಂದೆ ಸರಿಯಬೇಕು. ಎರಡೂ ಬದಿಯ ಕಟ್ಟಡಗಳನ್ನು ನೆಲದಿಂದ ನಾಲ್ಕನೆಯ ಮಹಡಿಯವರೆಗೆ ಬೋರ್ಡುಗಳು ಮುಚ್ಚಿವೆ. ನಮ್ಮ ಕಡೆ ಚುನಾವಣೆಯಲ್ಲಿ ಅಭ್ಯರ್ಥಿಗಳ ಮುಖ ಇರುವ ಜಾಗದಲ್ಲಿ ಇಲ್ಲಿ ರ‍್ಯಾಂಕು ಬಂದವರ ಮುಖ. ನೋಡುತ್ತ ಹೋದಂತೆ ಒಂದೇ ಹುಡುಗಿ ಮೂರು ಬೇರೆ ಬೇರೆ ಸಂಸ್ಥೆಗಳ ಬೋರ್ಡಿನಲ್ಲಿ ನಗುತ್ತಿದ್ದಳು. ಒಂದು ಕಡೆ ಪೂರ್ತಿ ಕೋರ್ಸು ಮಾಡಿರಬಹುದು, ಇನ್ನೊಂದೆಡೆ ಟೆಸ್ಟ್ ಸೀರೀಸ್, ಮತ್ತೊಂದೆಡೆ ಅರ್ಧ ಗಂಟೆಯ ಅಣಕು ಸಂದರ್ಶನ. ಬೋರ್ಡು ಆ ವಿವರ ಹೇಳುವುದಿಲ್ಲ. ಇಂಥ ಜಾಹೀರಾತುಗಳಿಗಾಗಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹಲವು ಕೋಚಿಂಗ್ ಸಂಸ್ಥೆಗಳಿಗೆ ದಂಡ ಹಾಕಿದೆ. ಯಾವ ಕೋರ್ಸು ಮಾಡಿದವರು ಎಂದು ತಿಳಿಸಬೇಕು, ಗೆದ್ದವರ ಒಪ್ಪಿಗೆಯಿಲ್ಲದೆ ಫೋಟೊ ಹಾಕಬಾರದು ಎಂದು 2024ರ ನವೆಂಬರ್‌ನಲ್ಲಿ ಮಾರ್ಗಸೂಚಿಯನ್ನೂ ಹೊರಡಿಸಿತು. ಬೋರ್ಡಿನ ಕೆಳಗಿನ ಸಣ್ಣಕ್ಷರ ಈಗ ಒಂದು ಸಾಲು ಹೆಚ್ಚಾಗಿದೆ, ಓದಲು ಕನ್ನಡಕ ಬೇಕು.

ಬೋರ್ಡುಗಳು ಹೇಳದ ಲೆಕ್ಕವನ್ನು ಪರೀಕ್ಷೆ ನಡೆಸುವ ಕೇಂದ್ರ ಲೋಕಸೇವಾ ಆಯೋಗವೇ ಹೇಳುತ್ತದೆ. 2024ನೇ ಸಾಲಿನ ನಾಗರಿಕ ಸೇವಾ ಪರೀಕ್ಷೆಗೆ ಅರ್ಜಿ ಹಾಕಿದವರು 9,92,599. ಪ್ರಿಲಿಮ್ಸ್ ಬರೆದವರು 5,83,213. ಮೇನ್ಸ್‌ಗೆ ಅರ್ಹರಾದವರು 14,627, ಸಂದರ್ಶನಕ್ಕೆ ಹೋದವರು 2,845, ಕೊನೆಗೆ ಆಯ್ಕೆಯಾದವರು 1,009. ಅದರಲ್ಲಿ ಐಎಎಸ್ ಸಿಗುವುದು ಇನ್ನೂ ಕಡಿಮೆ ಮಂದಿಗೆ. ಬರೆದ ಸಾವಿರ ಮಂದಿಯಲ್ಲಿ ಇಬ್ಬರೂ ದಾಟುವುದಿಲ್ಲ. ಉಳಿದ 998 ಮಂದಿಯ ಬಾಡಿಗೆ, ಊಟ, ಶುಲ್ಕ, ಜೆರಾಕ್ಸಿನಿಂದಲೇ ಈ ಬೀದಿ ನಡೆಯುತ್ತಿದೆ ಎಂದರೆ ನಿಷ್ಠುರವಾದೀತು, ಸುಳ್ಳಾಗದು.

ಜೆರಾಕ್ಸ್ ಅಂಗಡಿಗಳು ಒಂದು ಲೋಕವೇ. ಹೊರಗೆ ಮೇಜಿನ ಮೇಲೆ ಸುರುಳಿ ತಂತಿ ಹಾಕಿ ಕಟ್ಟಿದ ನೋಟ್ಸುಗಳ ರಾಶಿ. ತರಗತಿಯಲ್ಲಿ ಯಾರೋ ಬರೆದುಕೊಂಡದ್ದರ ನಕಲು, ರ‍್ಯಾಂಕು ಬಂದವರ ಉತ್ತರಪತ್ರಿಕೆಯ ನಕಲು, ಎರಡು ವಾರದ ಹಿಂದಿನ ಪಾಠದ ನಕಲು. ಲಕ್ಷ್ಮೀಕಾಂತ್ ಅವರ ರಾಜ್ಯಶಾಸ್ತ್ರದ ದಪ್ಪ ಪುಸ್ತಕ ಪ್ರತಿ ಅಂಗಡಿಯ ಮುಂಭಾಗದಲ್ಲಿ. ಪಕ್ಕದಲ್ಲಿ ಎನ್‌ಸಿಇಆರ್‌ಟಿ ಪಠ್ಯಗಳು, ‘ಯೋಜನಾ’, ‘ಕುರುಕ್ಷೇತ್ರ’ ಪತ್ರಿಕೆಗಳು. ಕೊಳ್ಳುವವರಿಗಿಂತ ಮಾರುವವರೂ ಕಡಿಮೆಯಿಲ್ಲ: ಪ್ರಿಲಿಮ್ಸ್ ಮುಗಿದ ಕೆಲವು ವಾರಗಳಲ್ಲಿ ಊರಿಗೆ ವಾಪಸಾಗುವವರು ರಟ್ಟಿನ ಪೆಟ್ಟಿಗೆ ತಂದು ಸುರಿಯುತ್ತಾರೆ. ಅಂಗಡಿಯವನು ಪುಸ್ತಕ ಬಿಡಿಸಿ, ಹಾಳೆ ಸರ‍್ರನೆ ಹಾರಿಸಿ, ಗೆರೆ ಎಳೆದಿದ್ದರೆ ಬೆಲೆ ಇಳಿಸುತ್ತಾನೆ. ನಾನು ಕಂಡ ಒಂದು ಪುಸ್ತಕದಲ್ಲಿ ಮೊದಲ ಐವತ್ತು ಪುಟ ಮೂರು ಬಣ್ಣದ ಗೆರೆ, ಆಮೇಲೆ ನೂರು ಪುಟ ಒಂದೇ ಬಣ್ಣ, ಮುಂದೆ ಎಲ್ಲ ಬಿಳಿ.

ಜೂನ್ ಇಲ್ಲಿ ಎರಡು ಋತುಗಳ ಸಂಧಿ. ಪ್ರಿಲಿಮ್ಸ್ ಬರೆದವರಲ್ಲಿ ಅಂಕ ಕೂಡಿಸಿ ನೋಡಿ ಮೇನ್ಸ್‌ಗೆ ಕುಳಿತವರು ಹೊರಗೆ ಕಾಣುವುದಿಲ್ಲ. ಕಾಣುವವರು ಕಟ್‌ಆಫ್ ತಪ್ಪಿಸಿಕೊಂಡವರು ಮತ್ತು ಹೊಸ ಬ್ಯಾಚಿಗೆ ಅಪ್ಪ-ಅಮ್ಮನ ಜೊತೆ ಬಂದವರು. ಇಬ್ಬರ ನಡಿಗೆಯಲ್ಲೇ ವ್ಯತ್ಯಾಸ. ಹೊಸಬರು ಬೋರ್ಡು ನೋಡುತ್ತ ನಡೆಯುತ್ತಾರೆ, ಹಳಬರು ನೆಲ ನೋಡುತ್ತ.

ನೆಲವನ್ನು ನಾನೂ ನೋಡಿದೆ. ಚರಂಡಿಯ ಮೇಲೆ ಕಲ್ಲು ಚಪ್ಪಡಿ, ಅಲ್ಲಲ್ಲಿ ಹೊಸ ಜಾಲರಿ. ತಲೆಯ ಮೇಲೆ ವೈರುಗಳ ಗೊಂಚಲು. ಇಷ್ಟು ಒತ್ತೊತ್ತಾದ ಬೀದಿ ಶುರುವಿಗೆ ಹೀಗಿರಲಿಲ್ಲವೆಂದು ತಿಳಿಯಲು ಒಳಗಿನ ಓಣಿಗಳಿಗೆ ಹೋಗಬೇಕು. ದೇಶ ಒಡೆದಾಗ ಪಶ್ಚಿಮ ಪಂಜಾಬಿನಿಂದ ಓಡಿಬಂದ ಹಿಂದೂ, ಸಿಖ್ ಕುಟುಂಬಗಳಿಗಾಗಿ ಸರ್ಕಾರ ಕಟ್ಟಿದ ಕಾಲೊನಿ ಇದು. 1941ರಲ್ಲಿ 9.18 ಲಕ್ಷವಿದ್ದ ದೆಹಲಿಯ ಜನಸಂಖ್ಯೆ 1951ಕ್ಕೆ 17.44 ಲಕ್ಷವಾಯಿತು, ಬಂದವರಲ್ಲಿ ಹೆಚ್ಚುಕಡಿಮೆ 5 ಲಕ್ಷ ಜನ ನಿರಾಶ್ರಿತರು. ಪಟೇಲ್ ನಗರ, ಲಾಜಪತ್ ನಗರ, ರಾಜಿಂದರ್ ನಗರ ಎಂದು ನಾಯಕರ ಹೆಸರಿನಲ್ಲಿ ಸಾಲು ಸಾಲು ಬಡಾವಣೆಗಳೆದ್ದವು. ಇದಕ್ಕೆ ಮೊದಲ ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಹೆಸರು, ಪಂಜಾಬಿ ನಾಲಿಗೆಯಲ್ಲಿ ರಾಜಿಂದರ್ ಆಯಿತು. ಶಂಕರ್ ರಸ್ತೆಯ ಆಚೆ ಇರುವುದು ನ್ಯೂ ರಾಜಿಂದರ್ ನಗರ, ಅದೂ ಈಗ ಹೊಸದೇನಲ್ಲ.

ಒಂದು ಓಣಿಯಲ್ಲಿ ಹಳೆಯ ಒಂದಂತಸ್ತಿನ ಮನೆ ಇನ್ನೂ ಉಳಿದಿತ್ತು. ಎರಡು ಕೋಣೆ, ಮುಂದೆ ಚಿಕ್ಕ ಅಂಗಳ, ಕಬ್ಬಿಣದ ಗೇಟು. ಎಡಬಲದ ಐದಂತಸ್ತುಗಳ ನಡುವೆ ಅದು ಬಿದ್ದುಹೋದ ಹಲ್ಲಿನ ಜಾಗದಂತೆ ಕಾಣುತ್ತಿತ್ತು. ಗೇಟಿನ ನೆರಳಲ್ಲಿ ಕುರ್ಚಿ ಹಾಕಿಕೊಂಡಿದ್ದ ಯಜಮಾನರಿಗೆ ಎಪ್ಪತ್ತೈದು ದಾಟಿರಬೇಕು. ನೀರು ಕೇಳಿದೆ, ಸ್ಟೀಲ್ ಲೋಟದಲ್ಲಿ ಮಡಕೆ ನೀರು ಬಂತು. ಅವರ ತಂದೆ ಝಂಗ್ ಜಿಲ್ಲೆಯವರು, ಅಲ್ಲಿ ಬಟ್ಟೆ ಅಂಗಡಿ ಇತ್ತಂತೆ. ಇಲ್ಲಿ ಮೊದಲು ಕರೋಲ್ ಬಾಗಿನ ಫುಟ್‌ಪಾತಿನಲ್ಲಿ ಟವೆಲ್ ಮಾರಿದರಂತೆ. ‘ಆಗ ರಾತ್ರಿ ಇಲ್ಲಿಗೆ ನರಿ ಬರುತ್ತಿದ್ದವು, ಆಚೆ ರಿಡ್ಜಿನ ಕಾಡು’ ಎಂದರು. ವಾರಕ್ಕೊಬ್ಬ ಬಿಲ್ಡರ್ ಬರುತ್ತಾನೆ. ಹಳೆ ಮನೆ ಕೆಡವಿ ಐದಂತಸ್ತು ಕಟ್ಟಿ, ಒಂದೆರಡು ಅಂತಸ್ತು ತಾನಿಟ್ಟುಕೊಂಡು, ಉಳಿದದ್ದರ ಜೊತೆ ನಗದನ್ನೂ ಮಾಲೀಕನಿಗೆ ಕೊಡುತ್ತಾನೆ. ಮಗಳು ಗುರ‍್ಗಾಂವಿನಲ್ಲಿ, ಮಗ ಕೆನಡಾದಲ್ಲಿ. ಇವರು ಇನ್ನೂ ಒಪ್ಪಿಲ್ಲ. ‘ಬಾಡಿಗೆಗೆ ಕೊಟ್ಟರೆ ತಿಂಗಳಿಗೆ ಲಕ್ಷ ಬರುತ್ತದೆ ಅಂತಾರೆ. ಬರುತ್ತೆ. ನಾನು ಎಲ್ಲಿ ಕೂರಲಿ?’

ಈ ಜನರ ನೆನಪಿನ ಲಾಹೋರ್ ಕಾಲೊನಿಯ ಅಂಚಿನಲ್ಲೇ ನಿಂತಿದೆ, ಸರ್ ಗಂಗಾರಾಮ್ ಆಸ್ಪತ್ರೆಯಾಗಿ. ಲಾಹೋರಿನ ವಸ್ತುಸಂಗ್ರಹಾಲಯ, ಜನರಲ್ ಪೋಸ್ಟ್ ಆಫೀಸುಗಳನ್ನು ಕಟ್ಟಿಸಿದ ಎಂಜಿನಿಯರ್ ಗಂಗಾರಾಮ್ 1921ರಲ್ಲಿ ಆ ಊರಿನಲ್ಲಿ ಧರ್ಮಾರ್ಥ ಆಸ್ಪತ್ರೆ ತೆರೆದರು, 1927ರಲ್ಲಿ ತೀರಿಕೊಂಡರು. ವಿಭಜನೆಯ ನಂತರ ಅದೇ ಹೆಸರಿನ ಆಸ್ಪತ್ರೆಗೆ ದೆಹಲಿಯಲ್ಲಿ 1951ರ ಏಪ್ರಿಲ್‌ನಲ್ಲಿ ನೆಹರೂ ಅಡಿಗಲ್ಲು ಹಾಕಿದರು, 1954ರಲ್ಲಿ ಅದು ತೆರೆಯಿತು. ಲಾಹೋರಿನದೂ ಅದೇ ಹೆಸರಿನಲ್ಲಿ ಇವತ್ತಿಗೂ ನಡೆಯುತ್ತಿದೆ. ಗಡಿಯ ಎರಡೂ ಬದಿಯ ರೋಗಿಗಳು ಒಂದೇ ಹೆಸರಿನ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಸರ್ಕಾರಗಳು ಬದಲಿಸಲು ಮರೆತ ಹೆಸರುಗಳಲ್ಲಿ ಇದೊಂದು.

ಆಸ್ಪತ್ರೆಯ ಕಡೆಯಿಂದ ಮರಳುವಾಗ ರಸ್ತೆ ಬದಿಯಲ್ಲಿ ಶಾಮಿಯಾನ, ಡ್ರಮ್ಮಿನಲ್ಲಿ ಗುಲಾಬಿ ಬಣ್ಣದ ಹಾಲು-ನೀರು. ಛಬೀಲ್. ಐದನೆಯ ಗುರು ಅರ್ಜನ್ ದೇವ್ 1606ರಲ್ಲಿ ಹುತಾತ್ಮರಾದದ್ದರ ನೆನಪಿಗೆ ಮೇ-ಜೂನಿನ ಉರಿಯಲ್ಲಿ ಸಿಖ್ಖರು ದಾರಿಹೋಕರಿಗೆ ತಣ್ಣನೆ ಶರಬತ್ತು ಹಂಚುತ್ತಾರೆ. ಕೇಸರಿ ಪೇಟದ ಹುಡುಗನೊಬ್ಬ ಸ್ಕೂಟರುಗಳನ್ನು ಅಡ್ಡಗಟ್ಟಿ ಲೋಟ ಕೊಡುತ್ತಿದ್ದ. ನನಗೂ ಎರಡು ಲೋಟ ಬಂತು. ದೆಹಲಿಯ ಬಿಸಿಲಿಗೆ ಗೋಲಿ ಸೋಡಾದ ಬಂಟಾ, ಬಿಲ್ವದ ಹಣ್ಣಿನ ಶರಬತ್ತು, ಜಲಜೀರಾ ಎಲ್ಲ ರಸ್ತೆಯಲ್ಲೇ ಸಿಗುತ್ತವೆ. ಹೊಟ್ಟೆಗೆ ಭಯಪಡುವವರು ಬಾಟಲಿ ನೀರಿಗೇ ಅಂಟಿಕೊಳ್ಳುವುದು ಒಳ್ಳೆಯದು; ರಾತ್ರಿ ರೈಲಿದೆ ಎಂಬುದನ್ನು ಮರೆಯಬಾರದು.

ಮಧ್ಯಾಹ್ನ ಒಂದಕ್ಕೆ ಬೀದಿ ಖಾಲಿ. ಎಲ್ಲರೂ ‘ಲೈಬ್ರರಿ’ ಒಳಗೆ. ಹೆಸರು ಕೇಳಿ ಕಪಾಟು, ಪುಸ್ತಕ ಎಂದು ಕಲ್ಪಿಸಿಕೊಳ್ಳಬೇಡಿ. ಪ್ಲೈವುಡ್ಡಿನ ಗೂಡು, ಒಂದು ಕುರ್ಚಿ, ಒಂದು ಪ್ಲಗ್ಗು, ಒಂದು ಟ್ಯೂಬ್‌ಲೈಟು, ಎಸಿ. ತಿಂಗಳ ಲೆಕ್ಕದಲ್ಲಿ ಬಾಡಿಗೆ. ಪುಸ್ತಕ ನಿಮ್ಮದೇ. ಮಲಗುವ ಕೋಣೆಯಲ್ಲಿ ಕಿಟಕಿಯಿಲ್ಲ, ಮೇಜಿಗೆ ಜಾಗವಿಲ್ಲ, ಆದ್ದರಿಂದ ಓದುವುದಕ್ಕೆ ಬೇರೆ ಜಾಗ ಕೊಳ್ಳಬೇಕು. ಒಂದೇ ಹುಡುಗನಿಗೆ ಹೀಗೆ ಮೂರು ತುಂಡು ಜಾಗ ಮಾರಾಟವಾಗುತ್ತದೆ, ಮಲಗಲು ಒಂದು, ಓದಲು ಒಂದು, ಪಾಠ ಕೇಳಲು ಒಂದು. ದಲ್ಲಾಳಿ ತೋರಿಸಿದ ಕೋಣೆಗೆ ತಿಂಗಳಿಗೆ ಹದಿನೈದು ಸಾವಿರ, ಒಂದು ತಿಂಗಳ ಮುಂಗಡ, ಅವನಿಗೆ ಕಮಿಷನ್, ವಿದ್ಯುತ್ತಿಗೆ ಮಾಲೀಕ ಹೇಳಿದ ಯೂನಿಟ್ ದರ. ಮಂಚದಿಂದ ಬಾಗಿಲಿಗೆ ಎರಡು ಹೆಜ್ಜೆ. ಪೂರ್ತಿ ಕೋರ್ಸಿನ ಶುಲ್ಕ ಒಂದೂವರೆಯಿಂದ ಎರಡು ಲಕ್ಷದ ಆಸುಪಾಸು ಎಂದು ಕೌಂಟರಿನ ಹುಡುಗಿ ನಗುತ್ತ ಹೇಳಿದಳು, ಇಎಂಐ ಇದೆಯೆಂದೂ ಸೇರಿಸಿದಳು.

ಜಾಗ ಮೇಲಕ್ಕೆ ಮುಗಿದಾಗ ಕೆಳಕ್ಕೆ ಇಳಿಯಿತು. 2024ರ ಜುಲೈ 27, ಶನಿವಾರ ಸಂಜೆ. ಮಳೆ ಸುರಿದು ಬಡಾ ಬಜಾರ್ ಮಾರ್ಗ ಹೊಳೆಯಾಗಿತ್ತು. ಒಂದು ಪ್ರಸಿದ್ಧ ಕೋಚಿಂಗ್ ಸಂಸ್ಥೆಯ ನೆಲಮಾಳಿಗೆಯಲ್ಲಿ ಲೈಬ್ರರಿ ಇತ್ತು. ಪರವಾನಗಿ ಇದ್ದದ್ದು ವಾಹನ ನಿಲುಗಡೆಗೆ, ಸಾಮಾನು ಇಡುವುದಕ್ಕೆ. ರಸ್ತೆಯ ನೀರು ಗೇಟು ಮುರಿದು ಒಳನುಗ್ಗಿ ಕೆಲವೇ ನಿಮಿಷಗಳಲ್ಲಿ ನೆಲಮಾಳಿಗೆ ತುಂಬಿತು. ಒಳಗಿದ್ದವರಲ್ಲಿ ಹೆಚ್ಚಿನವರು ಮೆಟ್ಟಿಲು ಹಿಡಿದು ಮೇಲೆ ಬಂದರು. ಮೂವರು ಬರಲಿಲ್ಲ. ಉತ್ತರ ಪ್ರದೇಶದ ಒಬ್ಬಳು, ತೆಲಂಗಾಣದ ಒಬ್ಬಳು, ಕೇರಳದ ಒಬ್ಬ. ಓದುತ್ತ ಕುಳಿತಿದ್ದವರು, ನಗರದ ನಡುವೆ, ಮುಳುಗಿ ಸತ್ತರು.

ಆ ರಾತ್ರಿಯಿಂದಲೇ ವಿದ್ಯಾರ್ಥಿಗಳು ಕರೋಲ್ ಬಾಗ್ ಮೆಟ್ರೊ ಕೆಳಗೆ ರಸ್ತೆಯಲ್ಲಿ ಕುಳಿತರು, ದಿನಗಟ್ಟಲೆ. ಪಾಲಿಕೆಯವರು ಬಂದು ಅಕ್ರಮ ನೆಲಮಾಳಿಗೆಗಳಿಗೆ ಬೀಗ ಜಡಿದರು, ಚರಂಡಿ ಮುಚ್ಚಿದ್ದ ಇಳಿಜಾರುಗಳನ್ನು ಬುಲ್‌ಡೋಜರಿನಿಂದ ಒಡೆದರು. ಪೊಲೀಸರು ಸಂಸ್ಥೆಯ ಮಾಲೀಕರ ಜೊತೆಗೆ, ನೀರು ತುಂಬಿದ ರಸ್ತೆಯಲ್ಲಿ ಗಾಡಿ ಓಡಿಸಿ ಅಲೆ ಎಬ್ಬಿಸಿದನೆಂದು ಒಬ್ಬ ಚಾಲಕನನ್ನೂ ಬಂಧಿಸಿದರು. ನೆಲಮಾಳಿಗೆಗೆ ನುಗ್ಗಿದ್ದಕ್ಕೆ ಮಳೆನೀರಿಗೂ ಚಲನ್ ಹಾಕಲಿಲ್ಲವಲ್ಲ, ಪುಣ್ಯ ಎಂದು ದೆಹಲಿ ಹೈಕೋರ್ಟ್ ಪೊಲೀಸರನ್ನು ಚುಚ್ಚಿತು. ಆಗಸ್ಟ್ 2ರಂದು ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಸುಪ್ರೀಂ ಕೋರ್ಟ್ ಆಗಸ್ಟ್ 5ರಂದು ತಾನಾಗಿಯೇ ವಿಷಯ ಕೈಗೆತ್ತಿಕೊಂಡು, ಕೋಚಿಂಗ್ ಕೇಂದ್ರಗಳು ಸಾವಿನ ಕೋಣೆಗಳಾಗಿವೆ ಎಂದಿತು.

ಆ ಜಾಗವನ್ನು ಹುಡುಕಬೇಕಾಗಿಲ್ಲ, ಯಾರನ್ನು ಕೇಳಿದರೂ ಕೈ ತೋರಿಸುತ್ತಾರೆ. ನಾನು ಎದುರು ಬದಿಯಲ್ಲಿ ನಿಂತು ರಸ್ತೆಯ ಏರಿಳಿತ ನೋಡಿದೆ. ಎರಡೂ ಕಡೆಯಿಂದ ನೀರು ಇಲ್ಲಿಗೇ ಇಳಿದು ಬರುತ್ತದೆಂದು ಬರಿಗಣ್ಣಿಗೂ ತಿಳಿಯುತ್ತದೆ. ಎಂಜಿನಿಯರ್ ಬೇಕಾಗಿಲ್ಲ, ಮಲೆನಾಡಿನ ಯಾವ ರೈತನೂ ಹೇಳಿಯಾನು. ಚಹಾದವನನ್ನು ಕೇಳಿದೆ, ಈಗ ನೆಲಮಾಳಿಗೆಗಳು ಮುಚ್ಚಿವೆಯೇ? ಅವನು ಲೋಟ ತೊಳೆಯುತ್ತ, ‘ಲೈಬ್ರರಿಗಳು ಮೇಲೆ ಹೋದವು, ರೇಟೂ ಮೇಲೆ ಹೋಯಿತು’ ಎಂದ.

ಕನ್ನಡ ಕೇಳಿಸಿದ್ದು ಒಂದು ದಕ್ಷಿಣದ ಮೆಸ್ಸಿನ ಬಾಗಿಲಲ್ಲಿ. ತೆಲುಗು, ಮಲಯಾಳ, ತಮಿಳು ಎಲ್ಲ ಕೇಳಿಸುವ ಜಾಗ. ಸಾಂಬಾರು ಎಲ್ಲರಿಗೂ ಒಗ್ಗುವ, ಯಾರಿಗೂ ಇಷ್ಟವಾಗದ ಒಂದು ರುಚಿ. ಅನ್ನ ಮಾತ್ರ ಎಷ್ಟು ಬೇಕಾದರೂ. ಮೂವರು ಹುಡುಗರು, ಒಬ್ಬಳು ಹುಡುಗಿ, ಒಬ್ಬ ಇಂಡಿ ತಾಲ್ಲೂಕಿನವ, ಒಬ್ಬ ಚಿಂತಾಮಣಿ ಕಡೆಯವ, ಮಿಕ್ಕಿಬ್ಬರು ಹಾವೇರಿ. ಬಿಸಿಲಿನ ಮಾತೆತ್ತಿದೆ. ‘ಬಿಸಲು ನಮಗೇನ್ ಹೊಸಾದಲ್ರಿ ಸರ, ಇಂಡಿಯಾಗೂ ಐತಿ. ಆದ್ರ ಅಲ್ಲಿ ರಾತ್ರಿ ಮಾಳಗಿ ಮ್ಯಾಲ ಮಲಗತೇವಿ. ಇಲ್ಲಿ ರಾತ್ರಿ ಎರಡಕ್ಕೂ ಗ್ವಾಡಿ ಸುಡತಿರತೈತಿ’ ಎಂದ ಒಬ್ಬ. ಅವನದು ಮೂರನೆಯ ಅಟೆಂಪ್ಟು. ಸಾಮಾನ್ಯ ವರ್ಗಕ್ಕೆ ಆರು, ಹಿಂದುಳಿದವರಿಗೆ ಒಂಬತ್ತು, ಪರಿಶಿಷ್ಟರಿಗೆ ವಯಸ್ಸಿನ ಮಿತಿಯಷ್ಟೇ. ಈ ಲೆಕ್ಕದಲ್ಲೇ ಇಲ್ಲಿಯವರ ಆಯುಸ್ಸಿನ ಗಣಿತ.

ಹಾವೇರಿಯ ಹುಡುಗಿಯ ಆಪ್ಷನಲ್ ಕನ್ನಡ ಸಾಹಿತ್ಯ. ಪಂಪನ ವಿಕ್ರಮಾರ್ಜುನ ವಿಜಯದ ಎರಡು ಆಶ್ವಾಸ, ಕುಮಾರವ್ಯಾಸನ ಕರ್ಣಪರ್ವ, ‘ಬೆಟ್ಟದ ಜೀವ’, ‘ಒಡಲಾಳ’, ಕಾರ್ನಾಡರ ‘ತುಘಲಕ್’ ಎಲ್ಲ ಪಠ್ಯ. ದೆಹಲಿ ಬಿಟ್ಟು ದೌಲತಾಬಾದಿಗೆ ನಡೆಯಿರೆಂದು ಪ್ರಜೆಗಳನ್ನು ಹೊರಡಿಸಿದ ದೊರೆಯ ನಾಟಕವನ್ನು, ದೌಲತಾಬಾದಿಗಿಂತಲೂ ದಕ್ಷಿಣದಿಂದ ದೆಹಲಿಗೆ ಬಂದವಳು ಪ್ಲೈವುಡ್ ಗೂಡಿನಲ್ಲಿ ಓದುತ್ತಿದ್ದಾಳೆ. ಕನ್ನಡ ಸಾಹಿತ್ಯಕ್ಕೆ ಇಲ್ಲಿ ಪಾಠ ಹೇಳುವವರಿದ್ದಾರೆಯೇ ಎಂದೆ. ‘ಅದನ್ನ ಬೆಂಗಳೂರಿಂದ ಆನ್‌ಲೈನ್ ಕೇಳ್ತೀನಿ’ ಎಂದಳು. ಹಾಗಾದರೆ ಇಲ್ಲೇಕೆ ಎಂಬ ನನ್ನ ಪ್ರಶ್ನೆಗೆ ಆಕೆ ತಕ್ಷಣ ಉತ್ತರ ಕೊಡಲಿಲ್ಲ. ಸುತ್ತ ಎಲ್ಲರೂ ಓದುತ್ತಿರುವಾಗ ತನಗೂ ಓದು ಬರುತ್ತದೆ, ಊರಿನಲ್ಲಿದ್ದರೆ ಮದುವೆಯ ಮಾತು ಬರುತ್ತದೆ ಎಂದಳು. ಎರಡನೆಯದನ್ನು ಹೇಳುವಾಗ ಉಳಿದ ಮೂವರು ತಟ್ಟೆ ನೋಡುತ್ತಿದ್ದರು.

ಕನ್ನಡದವರಿಗೆ ಈ ಪರೀಕ್ಷೆಯಲ್ಲಿ ಒಂದು ವಿಚಿತ್ರ ಸೌಲಭ್ಯವಿದೆ. ಮೇನ್ಸ್ ಉತ್ತರವನ್ನು ಕನ್ನಡದಲ್ಲಿ ಬರೆಯಬಹುದು, ಸಂದರ್ಶನವನ್ನೂ ಕನ್ನಡದಲ್ಲಿ ಕೊಡಬಹುದು. ಆದರೆ ಭಾಷೆ, ಸಾಹಿತ್ಯದ ಪತ್ರಿಕೆಗಳನ್ನು ಬಿಟ್ಟರೆ ಪ್ರಶ್ನೆಗಳು ಬರುವುದು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ. ಪ್ರಿಲಿಮ್ಸ್‌ನಲ್ಲಂತೂ ಕನ್ನಡಕ್ಕೆ ಕೆಲಸವೇ ಇಲ್ಲ. ಹಿಂದಿಯವನು ತನ್ನ ಭಾಷೆಯಲ್ಲೇ ಪ್ರಶ್ನೆ ಓದುತ್ತಾನೆ. ಹಾವೇರಿಯವಳು ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಯೋಚಿಸಿ, ಮತ್ತೆ ಇಂಗ್ಲಿಷಿನಲ್ಲಿ ಗುರುತು ಹಾಕಬೇಕು. ಈ ಅಸಮತೆಯನ್ನು ಸರಿಪಡಿಸದೆ ಕೋಚಿಂಗಿಗೆ ಸಹಾಯಧನ ಕೊಡುವುದು ಕಾಲಿಗೆ ಕಲ್ಲು ಕಟ್ಟಿ ಬೂಟು ಉಡುಗೊರೆ ಕೊಟ್ಟ ಹಾಗೆಂದು ನನಗನ್ನಿಸುತ್ತದೆ. ಹಾಗಿದ್ದೂ ಗೆದ್ದವರಿದ್ದಾರೆ. ಕೋಲಾರ ಜಿಲ್ಲೆಯ ಕೆ.ಆರ್. ನಂದಿನಿ 2016ನೇ ಸಾಲಿನ ಪರೀಕ್ಷೆಯಲ್ಲಿ ದೇಶಕ್ಕೇ ಮೊದಲಿಗರಾದಾಗ ಅವರ ಐಚ್ಛಿಕ ವಿಷಯ ಕನ್ನಡ ಸಾಹಿತ್ಯವಾಗಿತ್ತು. ಈ ಮೇಜಿನ ನಾಲ್ವರಿಗೂ ಅವರ ಹೆಸರು ಬಾಯಿಪಾಠ.

ಚಿಂತಾಮಣಿಯ ಹುಡುಗ ಅಲ್ಲಿಯವರೆಗೆ ಸುಮ್ಮನಿದ್ದ. ಧಾರವಾಡದ ಸಪ್ತಾಪುರದಲ್ಲಿ ಒಂದು ವರ್ಷ, ಬೆಂಗಳೂರಿನ ವಿಜಯನಗರದಲ್ಲಿ ಒಂದು ವರ್ಷ ಓದಿ ಬಂದವನಂತೆ. ವ್ಯತ್ಯಾಸ ಏನೆಂದು ಕೇಳಿದೆ. ‘ಸಪ್ತಾಪುರದಲ್ಲಿ ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಎಲ್ಲಾ ಓದೋರು ಇರ್ತಾರೆ ಸಾರ್, ಒಂದು ಆಗದಿದ್ರೆ ಇನ್ನೊಂದು. ಇಲ್ಲಿ ಎಲ್ಲರಿಗೂ ಒಂದೇ.’ ಇಷ್ಟು ಹೇಳಿ ಮಜ್ಜಿಗೆ ತರಲು ಎದ್ದ. ದೆಹಲಿಯ ವೆಚ್ಚಕ್ಕೆ ಅವನಣ್ಣ ಟೊಮ್ಯಾಟೊ ಬೆಳೆಯ ಮೇಲೆ ಸಾಲ ಮಾಡಿದ್ದಾನೆಂದು ಆಮೇಲೆ ಇಂಡಿಯವನು ಹೇಳಿದ. ಈ ಬೀದಿಯ ಮೇಲೆ ‘ಆಸ್ಪಿರೆಂಟ್ಸ್’ ಎಂಬ ಹಿಂದಿ ವೆಬ್ ಸರಣಿ 2021ರಲ್ಲಿ ಬಂದು ಬಹಳ ಹೆಸರು ಮಾಡಿತು. ಅದನ್ನು ನೋಡಿಯೇ ರೈಲು ಹತ್ತಿದವರೂ ಉಂಟು. ಸಾಲ ಮಾಡಿದ ಅಣ್ಣಂದಿರ ಸರಣಿ ಇನ್ನೂ ಬಂದಿಲ್ಲ.

ನಾಲ್ಕೂವರೆಗೆ ನೆರಳು ರಸ್ತೆಗೆ ಬಿದ್ದ ಮೇಲೆ ಬೀದಿ ಮತ್ತೆ ತುಂಬಿತು. ಕುಲ್ಚಾ-ಛೋಲೆ ಗಾಡಿ, ಮೋಮೊ ಹಬೆ, ಕತ್ತರಿಸಿದ ಹಣ್ಣು, ಚಹಾದ ಸುತ್ತ ಗುಂಪು ಗುಂಪು. ಸಂಪಾದಕೀಯದ ಚರ್ಚೆ, ಕಟ್‌ಆಫಿನ ಊಹೆ, ಯಾರೋ ಬಿಟ್ಟುಹೋದ ಸುದ್ದಿ. ಶಂಕರ್ ರಸ್ತೆಯವರೆಗೆ ನಡೆದೆ. ಆಚೆ ರಿಡ್ಜಿನ ಕಾಡು ಕಾಣಿಸುತ್ತದೆ, ಮುಳ್ಳಿನ ವಿಲಾಯತಿ ಜಾಲಿಯೇ ಹೆಚ್ಚು. ಒಳಗೆ ಹೋಗುವ ಹುರುಪು ಬಿಸಿಲು ಉಳಿಸಿರಲಿಲ್ಲ. ಆಟೋ ಹಿಡಿದು ಶಹಜಹಾನ್ ರಸ್ತೆಯ ಧೋಲ್ಪುರ್ ಹೌಸನ್ನು ಹೊರಗಿನಿಂದ ನೋಡಿ ಬಂದೆ. ಆಯೋಗದ ಕಚೇರಿ ಅದೇ, ಸಂದರ್ಶನ ನಡೆಯುವುದೂ ಅಲ್ಲೇ. ಓಲ್ಡ್ ರಾಜಿಂದರ್ ನಗರದಿಂದ ಅಲ್ಲಿಗೆ ಆಟೋದಲ್ಲಿ ಅರ್ಧ ಗಂಟೆಯೂ ಬೇಡ.

ದೆಹಲಿಯಲ್ಲಿ ಒಂದು ಹಗಲು ಸಿಕ್ಕ ಕನ್ನಡಿಗರಿಗೆ, ಅದರಲ್ಲೂ ಮಕ್ಕಳನ್ನು ಇಲ್ಲಿಗೆ ಕಳುಹಿಸುವ ಯೋಚನೆಯಿರುವ ತಂದೆ-ತಾಯಿಗೆ, ನನ್ನದೊಂದು ಕೋರಿಕೆ. ಕೆಂಪುಕೋಟೆ ಇನ್ನೊಮ್ಮೆ ನೋಡಬಹುದು. ಕರೋಲ್ ಬಾಗ್ ಮೆಟ್ರೊದಲ್ಲಿ ಇಳಿದು ಈ ಬೀದಿಯಲ್ಲಿ ಅರ್ಧ ದಿನ ಓಡಾಡಿ, ಸಾಧ್ಯವಾದರೆ ಮಳೆಗಾಲದಲ್ಲೇ ಬನ್ನಿ. ಬೋರ್ಡು ನೋಡಬೇಡಿ, ಮೆಟ್ಟಿಲು ನೋಡಿ. ಓದುವ ಕೋಣೆ ನೆಲದ ಮೇಲಿದೆಯೋ ಕೆಳಗಿದೆಯೋ, ಹೊರಬರಲು ಎರಡನೆಯ ದಾರಿ ಇದೆಯೋ ಎಂದು ಕೇಳಿ. ಮಲಗುವ ಕೋಣೆಯ ಕಿಟಕಿಯನ್ನು ನೀವೇ ತೆರೆದು ನೋಡಿ. ಪಾಠವನ್ನು ಒಂದು ದಿನ ಹಣವಿಲ್ಲದೆ ಕೇಳಲು ಬಿಡುತ್ತಾರೋ ವಿಚಾರಿಸಿ. ಇದೇ ಪಾಠ ಧಾರವಾಡದಲ್ಲೋ ಬೆಂಗಳೂರಿನಲ್ಲೋ ಆನ್‌ಲೈನಿನಲ್ಲೋ ಸಿಗುತ್ತದೆಯೇ ಎಂಬ ಪ್ರಶ್ನೆಯನ್ನು ಮಗನಿಗೆ, ಮಗಳಿಗೆ ಇಲ್ಲಿಯೇ, ಈ ಬೀದಿಯಲ್ಲೇ ನಿಂತು ಕೇಳಿ. ಇಷ್ಟಾದ ಮೇಲೂ ಇಲ್ಲೇ ಓದಬೇಕೆಂದರೆ ಓದಲಿ. ಮುಂಗಡವನ್ನು ಮಾತ್ರ ಅದೇ ದಿನ ಕಟ್ಟಬೇಡಿ.